ಹಳೆಯ .315 ರೈಫಲ್ ಕೊಂಡಿರಾ? ಹೊಳಪು ಬಿಟ್ಟು ಸವೆತ ನೋಡಿ

ಕೊಡಗು, ಹಾಸನ, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಅಪ್ಪನಿಂದ ಮಗನಿಗೆ, ನೆಂಟರಿಂದ ನೆಂಟರಿಗೆ ದಾಟಿ ಬರುವ ರೈಫಲ್ ಎಂದರೆ ಥಟ್ಟನೆ ನೆನಪಾಗುವುದು .315 ಬೋರ್‌ನದು, ಅಂದರೆ ನಳಿಗೆಯ ಒಳ ಅಳತೆ ಇಂಚಿನಲ್ಲಿ .315 ಇರುವುದು. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ, ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ ಮಾದರಿಯ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಅಗುಳಿ) ಇರುವ ಗಟ್ಟಿ ಕೋವಿ ಅದು. ಸೇನೆಯ ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು .303ನ್ನು ಸಾಮಾನ್ಯರಿಗೆ ನಿಷೇಧಿಸಿದಾಗ, ಆಸ್ಟ್ರಿಯಾದ 8 ಮಿ.ಮೀ. ಮ್ಯಾನ್‌ಲಿಚರ್ ತೋಟಾ .315 ಎಂಬ ಹೆಸರಿನಲ್ಲಿ ಇಲ್ಲಿ ನೆಲೆಯೂರಿತು. .303ರ ಮೇಲಿನ ನಿಷೇಧ ಇಂದಿಗೂ ಇದೆ, .315 ಇಂದಿಗೂ ಉಳಿದಿದೆ.

ಇಂಥದ್ದೊಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡವರು, ಕೊಳ್ಳಹೊರಟವರು ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಮೊದಲೇ ಒಂದು ಮಾತು. ನಮ್ಮ ಮನೆಗಳ ಕೋವಿ ಗುಂಡು ಹಾರಿಸಿ ಸವೆಯುವುದು ಅಪರೂಪ. ಕೊಡವರು ಆಯುಧ ಪೂಜಿಸುವ ಕೈಲ್‌ಪೊಳ್ದು ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವಾಗ, ಮಗು ಹುಟ್ಟಿದಾಗ, ಸಾವಾದಾಗ, ಬೆಳೆಗೆ ಬಂದ ಪ್ರಾಣಿಯನ್ನು ಬೆದರಿಸುವಾಗ ಹಾರುವ ಗುಂಡುಗಳಿಂದ ನಳಿಗೆ ಹಾಳಾಗಲು ತಲೆಮಾರುಗಳೇ ಬೇಕು. ಅದನ್ನು ತಿನ್ನುವುದು ಮಳೆ, ಒರೆಸದೇ ಬಿಟ್ಟ ಕೈ, ತಪ್ಪು ಸಲಾಕೆ, ತಪ್ಪು ಎಣ್ಣೆ, ಅಳತೆಗೆ ಹೊಂದದ ಸ್ಕ್ರೂಡ್ರೈವರ್. ಆದ್ದರಿಂದ "ಎಷ್ಟು ಗುಂಡು ಹೊಡೆದಿದೆ?" ಎಂದು ಕೇಳುವುದಕ್ಕಿಂತ "ಎಲ್ಲಿ ಇಟ್ಟಿದ್ದಿರಿ, ಹೇಗೆ ಒರೆಸುತ್ತಿದ್ದಿರಿ?" ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಮೊದಲು ಕಾಗದ, ಆಮೇಲೆ ಕಬ್ಬಿಣ

ಶಸ್ತ್ರಾಸ್ತ್ರ ಕಾಯ್ದೆ 1959ರ ಪ್ರಕಾರ, ಒಬ್ಬ ಲೈಸೆನ್ಸ್‌ದಾರರು ತಮ್ಮ ಕೋವಿಯನ್ನು ಇನ್ನೊಬ್ಬ ಅರ್ಹರಿಗೆ ನೇರವಾಗಿ ಮಾರಬೇಕಾದರೆ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರೆದು ತಿಳಿಸಬೇಕು, ಹಾಗೆ ತಿಳಿಸಿದ ಮೇಲೆ 45 ದಿನ ಕಳೆದಿರಬೇಕು. ಈ ಅವಧಿ ಕೊಳ್ಳುವವರಿಗೆ ವರವೇ ಸರಿ. ಮಾರುವವರ ಮನೆಯಲ್ಲೇ, ಅವರ ಎದುರೇ, ನಿಧಾನವಾಗಿ ಕೋವಿ ನೋಡಲು ಅಷ್ಟು ಸಮಯ ಸಿಕ್ಕಿತಲ್ಲ! ಪೂರ್ತಿ ಹಣ ಕೊಡುವ ಮೊದಲು ಇಲ್ಲಿ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಮುಗಿಸಿಕೊಳ್ಳಿ.

ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ವಿನಾಯಿತಿ ಇದ್ದವರೂ ಅದರ ಪತ್ರವನ್ನೂ ಕೋವಿಯ ವಿವರವನ್ನೂ ಸರಿಯಾಗಿ ಇಟ್ಟುಕೊಂಡಿರಬೇಕು. ಉಳಿದವರು 2019ರ ತಿದ್ದುಪಡಿ ನೆನಪಿಡಿ: ಸಾಮಾನ್ಯವಾಗಿ ಒಬ್ಬರ ಬಳಿ ಎರಡೇ ಬಂದೂಕು, ಲೈಸೆನ್ಸ್ ಅವಧಿ 5 ವರ್ಷ.

ಈಗ ಕಾಗದದಲ್ಲಿರುವ ನಂಬರನ್ನು ಕೋವಿಯ ಮೇಲಿನ ನಂಬರಿನೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ರಿಸೀವರ್, ಅಂದರೆ ನಳಿಗೆ ಬಂದು ಕೂರುವ ಉಕ್ಕಿನ ಕೋಶ, ಅದರ ಮೇಲೆ ಒಂದು ನಂಬರ್ ಇರುತ್ತದೆ. ಬೋಲ್ಟ್ ಹಿಡಿಯ ಬುಡದಲ್ಲೂ ನಳಿಗೆಯ ಬುಡದಲ್ಲೂ ಹುಡುಕಿ. ಬೋಲ್ಟ್‌ನ ನಂಬರ್ ಬೇರೆಯಾಗಿದ್ದರೆ ಆ ಬೋಲ್ಟ್ ಇನ್ನೊಂದು ಕೋವಿಯದು ಎಂದರ್ಥ. ಅದು ಕಾಗದದ ಸಮಸ್ಯೆಯಷ್ಟೇ ಅಲ್ಲ, ಪ್ರಾಣದ ಸಮಸ್ಯೆಯೂ ಹೌದು. ಯಾಕೆಂದು ಬೋಲ್ಟಿನ ಭಾಗದಲ್ಲಿ ಹೇಳುತ್ತೇನೆ. ನಂಬರ್ ಉಜ್ಜಿ ಅಳಿಸಿದ, ಮೇಲೆ ಮತ್ತೆ ಕೊರೆದ ಗುರುತು ಕಂಡರೆ ಅಲ್ಲಿಗೇ ಮಾತು ಮುಗಿಸಿ ಎದ್ದುಬನ್ನಿ. ಗುರುತಿನ ನಂಬರ್ ಇಲ್ಲದ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ನಳಿಗೆಯ ತುದಿ ಗರಗಸದಲ್ಲಿ ಕತ್ತರಿಸಿ ಗಿಡ್ಡ ಮಾಡಿದಂತೆ ಕಂಡರೂ ಅಷ್ಟೇ.

ಖಾಲಿ ಇದೆ ಎಂಬ ಮಾತು ನಂಬಬೇಡಿ

ಮಾರುವವರು ಎಷ್ಟೇ ಆಪ್ತರಾಗಿರಲಿ, ನಿಮ್ಮ ಕಣ್ಣಿನಿಂದ, ನಿಮ್ಮ ಬೆರಳಿನಿಂದ ನೋಡಿದ ಮೇಲೆಯೇ ಕೋವಿ ಖಾಲಿ. ನಳಿಗೆಯ ಬಾಯಿ ಜನರಿಲ್ಲದ ಕಡೆಗೆ, ಗಟ್ಟಿ ಮಣ್ಣಿನ ದಿಕ್ಕಿಗೆ ಇರಲಿ. ಟ್ರಿಗರ್‌ನಿಂದ ಬೆರಳು ದೂರ. ಮೊದಲು ಮ್ಯಾಗಜೀನ್ ಕಳಚಿ. ಆಮೇಲೆ ಬೋಲ್ಟ್ ಪೂರ್ತಿ ಹಿಂದಕ್ಕೆ ಎಳೆಯಿರಿ. ಈ ಕ್ರಮ ತಲೆಕೆಳಗಾದರೆ, ಬೋಲ್ಟ್ ಮುಚ್ಚುವಾಗ ಮ್ಯಾಗಜೀನ್‌ನಲ್ಲಿ ಉಳಿದ ತೋಟಾ ಚೇಂಬರಿಗೆ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿಗೆ, ಹೋಗಿ ಕೂರುತ್ತದೆ. ಚೇಂಬರಿನೊಳಗೆ ಇಣುಕಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಪರೀಕ್ಷೆ ನಡೆಯುವ ಮೇಜಿನ ಮೇಲೆ, ಆ ಕೋಣೆಯಲ್ಲಿ, ಒಂದೇ ಒಂದು ಜೀವಂತ ತೋಟಾ ಇರಕೂಡದು. ಪ್ರತಿ ಸಲ ಕೋವಿ ಕೆಳಗಿಟ್ಟು ಮತ್ತೆ ಎತ್ತಿಕೊಂಡಾಗಲೂ ಇದೇ ಕ್ರಮ.

ಹಗಲಿನ ಬೆಳಕಿನಲ್ಲಿ ಕೂತು ನೋಡಿ. ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಸಣ್ಣ ಟಾರ್ಚ್, ಭೂತಗನ್ನಡಿ, ಬಿಳಿ ಹತ್ತಿಬಟ್ಟೆಯ ತುಂಡುಗಳು, ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಹೊದಿಕೆಯ ಸಲಾಕೆ, ನಳಿಗೆಯ ಅಳತೆಯ ಕಂಚಿನ ಬ್ರಷ್, ನಳಿಗೆ ತೊಳೆಯುವ ದ್ರಾವಣ, ಒಂದು ಸೀಮೆಸುಣ್ಣ.

ಹೊರಮೈ ಹೇಳುವ ಚರಿತ್ರೆ

ಕಪ್ಪು ಬಣ್ಣ ಎಲ್ಲಿ ಮಾಸಿದೆ ನೋಡಿ. ಬೋಲ್ಟಿನ ಗುಂಡಿ, ಮ್ಯಾಗಜೀನ್ ಮುಂದೆ ಕೈ ಹಿಡಿಯುವ ಜಾಗ, ನಳಿಗೆಯ ತುದಿ, ಇಲ್ಲೆಲ್ಲ ಕಬ್ಬಿಣ ಬೆಳ್ಳಗೆ ಇಣುಕಿದರೆ ಅದು ಕೈಯಾಡಿದ ಸಹಜ ಸವೆತ. ಅದಕ್ಕೆ ಬೆಲೆ ಕಡಿಮೆ ಮಾಡಿಸಬಹುದು, ಭಯಪಡಬೇಕಿಲ್ಲ. ನಿಜವಾಗಿ ಅನುಮಾನ ಪಡಬೇಕಾದ್ದು ಹಳೆಯ ಕೋವಿ ಹೊಚ್ಚಹೊಸದರಂತೆ ಕಪ್ಪಾಗಿ ಮಿನುಗಿದಾಗ. ಅಚ್ಚೊತ್ತಿದ ಅಕ್ಷರಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮೂಲದ ಅಚ್ಚು ಚೂಪಾಗಿರುತ್ತದೆ. ತುಕ್ಕು ಉಜ್ಜಿ, ಪಾಲಿಶ್ ಮಾಡಿ, ಮತ್ತೆ ಕಪ್ಪು ಹಾಕಿಸಿದ್ದರೆ ಅಕ್ಷರದ ಅಂಚು ಕರಗಿ ದುಂಡಗಾಗಿರುತ್ತದೆ, ಹೊಸ ಬಣ್ಣದ ಅಡಿಯಲ್ಲೇ ಸೂಜಿಮೊನೆಯಂಥ ಕುಳಿಗಳು ಕಾಣುತ್ತವೆ.

ನಮ್ಮ ಕಡೆಯ ಕೋವಿಗಳಲ್ಲಿ ಮಾತ್ರ ಹುಡುಕಬೇಕಾದ ಎರಡು ಜಾಗಗಳಿವೆ. ಕೈಲ್‌ಪೊಳ್ದಿನಲ್ಲಿ, ಆಯುಧಪೂಜೆಯಲ್ಲಿ ಕೋವಿಗೆ ಗಂಧ, ಕುಂಕುಮ ಇಡುತ್ತೇವೆ, ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸುತ್ತೇವೆ. ಪೂಜೆ ಮುಗಿದ ಸಂಜೆಯೇ ಒರೆಸಿ ಎಣ್ಣೆ ಹಚ್ಚಿದ ಮನೆಯ ಕೋವಿಗೆ ಏನೂ ಆಗಿರುವುದಿಲ್ಲ. ಹಾಗೇ ಬಿಟ್ಟ ಮನೆಯದಾದರೆ ರಿಸೀವರಿನ ಮೇಲೆ, ನಳಿಗೆಯ ಬುಡದಲ್ಲಿ, ಕುಂಕುಮದ ಬೊಟ್ಟಿನ ಗಾತ್ರದಲ್ಲೇ ದುಂಡಗಿನ ತುಕ್ಕಿನ ಕಲೆ ಸಿಗುತ್ತದೆ. ಹೂವಿನ ಹಸಿ ದಂಟು ಕೂತ ನಳಿಗೆಯ ಬಾಯಿಯ ಒಳಸುತ್ತಿನಲ್ಲಿ ಕಂದು ಬಳೆಯೊಂದು ಕಾಣಬಹುದು. ಈ ಬಾಯಿಯ ಕಲೆಯನ್ನು ಹಗುರವಾಗಿ ಎಣಿಸಬೇಡಿ. ಗುಂಡಿನ ಗುರಿ ಅಂತಿಮವಾಗಿ ನಿರ್ಧಾರವಾಗುವುದೇ ಅಲ್ಲಿ.

ಕೋವಿಯನ್ನು ವರ್ಷಗಟ್ಟಲೆ ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಇಟ್ಟಿದ್ದರೇ ಎಂದೂ ಕೇಳಿ. ಆಗುಂಬೆ, ಭಾಗಮಂಡಲದ ಮಳೆಗಾಲದಲ್ಲಿ ಚೀಲ ನೀರು ಕುಡಿದು ಕೋವಿಗೆ ಅಂಟಿಕೊಂಡಿರುತ್ತದೆ. ಚುನಾವಣೆಗೆಂದು ಠೇವಣಿ ಇಟ್ಟು ತಂದ ಕೋವಿಯನ್ನೂ ಎಷ್ಟೋ ಜನ ಚೀಲದಿಂದ ತೆಗೆಯದೆ ಹಾಗೆಯೇ ಬೀರುವಿಗೆ ಸೇರಿಸುತ್ತಾರೆ. ಅಂಥ ಕೋವಿಯಲ್ಲಿ ತುಕ್ಕು ಒಂದು ಬದಿಗೇ, ಅದು ಮಲಗಿದ್ದ ಮಗ್ಗುಲಿಗೇ ಹೆಚ್ಚಾಗಿರುತ್ತದೆ.

ಸ್ಕ್ರೂಗಳ ತಲೆ ನೋಡುವುದನ್ನು ಮರೆಯಬೇಡಿ. ಸೀಳು ಚೂಪಾಗಿ ನೆಟ್ಟಗಿದ್ದರೆ ಬಲ್ಲವರ ಕೈ ಬಿದ್ದಿದೆ, ಇಲ್ಲವೇ ಯಾರೂ ಬಿಚ್ಚಿಲ್ಲ. ಸೀಳು ಹರಿದು, ಸುತ್ತಲ ಕಬ್ಬಿಣ ಗೀರಿಹೋಗಿದ್ದರೆ ಬಿಚ್ಚಲು ಬಾರದವರು ಬಿಚ್ಚಿದ್ದಾರೆ. ಹಾಗಿದ್ದರೆ ಒಳಗಿನ ಟ್ರಿಗರ್ ಭಾಗಗಳನ್ನೂ ಅರದಲ್ಲಿ ಉಜ್ಜಿರಬಹುದು ಎಂಬ ಎಚ್ಚರ ನಿಮ್ಮಲ್ಲಿರಲಿ.

ಮರ

ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಮರ ಎರಡು ತುಂಡು. ಹಿಂದಿನ ಬಟ್ ಉದ್ದನೆಯ ಬೋಲ್ಟೊಂದರಿಂದ (ಇದು ತಿರುಪಿನ ಮೊಳೆ, ತೋಟಾ ತಳ್ಳುವ ಬೋಲ್ಟ್ ಅಲ್ಲ) ಉಕ್ಕಿನ ಕೋಶಕ್ಕೆ ಬಿಗಿದಿರುತ್ತದೆ, ಮುಂದಿನ ಮರ ನಳಿಗೆಯ ಕೆಳಗೆ. ಒಂದು ಕೈಯಲ್ಲಿ ಬಟ್, ಇನ್ನೊಂದರಲ್ಲಿ ರಿಸೀವರ್ ಹಿಡಿದು ಹಿಂಡುವಂತೆ ತಿರುಚಿ. ಕೂದಲೆಳೆಯಷ್ಟೂ ಅಲುಗಬಾರದು. ಸಡಿಲವಿದ್ದರೆ ಗುಂಡಿನ ಪೆಟ್ಟು ಮರದ ಒಂದೇ ಮೂಲೆಗೆ ಬಿದ್ದು, ಹಿಡಿಕೆಯ ಕುತ್ತಿಗೆಯಲ್ಲಿ ಬಿರುಕು ಶುರುವಾಗಿರುತ್ತದೆ. ಬಿರುಕಿಗೆ ಮೇಣ ಅಥವಾ ಮರದ ಪುಡಿ ಬೆರೆಸಿದ ಅಂಟು ತುಂಬಿ ಪಾಲಿಶ್ ಹೊಡೆದಿದ್ದರೆ ಕಣ್ಣಿಗೆ ಕಾಣದು. ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋಗಿ, ಬಿರುಕಿದ್ದಲ್ಲಿ ಸದ್ದು ಬೊಕ್ಕೆನ್ನುತ್ತದೆ.

ಇನ್ನು ಕುಟ್ಟೆ. ಮರದಲ್ಲಿ ಸೂಜಿತೂತಿನಂಥ ರಂಧ್ರಗಳಿದ್ದು, ಬಿಳಿ ಕಾಗದದ ಮೇಲೆ ತಟ್ಟಿದಾಗ ಸಣ್ಣ ಪುಡಿ ಉದುರಿದರೆ ಹುಳು ಈಗಲೂ ಒಳಗಿದೆ. ಪುಡಿ ಉದುರದಿದ್ದರೆ ಹಳೆಯ ಗಾಯ ಇರಬಹುದು. ಬಟ್‌ನ ಹಿಂಬದಿಯ ತಗಡು ಬಿಚ್ಚಿ ನೋಡಲು ಅನುಮತಿ ಕೇಳಿ. ಗೋಡೆಗೆ ಒರಗಿಸಿಟ್ಟ ಕೋವಿಗೆ ನೆಲದ ತೇವ ಹತ್ತುವುದು ಅಲ್ಲಿಂದಲೇ.

ಮುಂದಿನ ಮರವನ್ನು ಕಳಚಿ ಅದರಡಿಯ ನಳಿಗೆ ನೋಡುವುದು ಬಹಳ ಮುಖ್ಯ. ಮಳೆಯಲ್ಲಿ ನೆನೆದ ಕೋವಿಯ ಹೊರಗನ್ನು ಎಲ್ಲರೂ ಒರೆಸುತ್ತಾರೆ, ಮರದಡಿ ಇಳಿದ ನೀರನ್ನು ಯಾರೂ ನೋಡುವುದಿಲ್ಲ. ಮೇಲೆ ಕನ್ನಡಿಯಂತಿದ್ದ ನಳಿಗೆ, ಮರದ ಗೆರೆಯ ಕೆಳಗೆ ಉದ್ದಕ್ಕೂ ಕೊರೆದುಹೋಗಿರುವುದು ಮಲೆನಾಡಿನಲ್ಲಿ ಅಪರೂಪವಲ್ಲ. ಆದರೆ ಬಿಚ್ಚುವ ಕೆಲಸ ಬಲ್ಲವರಿಂದಲೇ ಆಗಲಿ. ಸೇನೆಯ ಹಳೆಯ ಲೀ-ಎನ್‌ಫೀಲ್ಡ್‌ನಲ್ಲಿ ಬಟ್‌ನ ಬೋಲ್ಟಿನ ಚೌಕದ ತುದಿ ಮುಂದಿನ ಮರದೊಳಗಿನ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ತೆಗೆಯದೆ ಆ ಬೋಲ್ಟ್ ತಿರುಗಿಸಿದರೆ ಮರ ಹಿಂಬದಿಯಿಂದ ಸೀಳಿಬಿಡುತ್ತದೆ. ಅದೇ ಅಂಗದ ಮೇಲೆ ಕಟ್ಟಿದ .315ನಲ್ಲೂ ಹಾಗಿರಬಹುದೆಂದೇ ತಿಳಿದು, ಮೊದಲು ಮುಂದಿನ ಮರ, ಆಮೇಲೆ ಬಟ್ ಎಂಬ ಕ್ರಮ ಹಿಡಿಯಿರಿ.

ಬೋಲ್ಟ್

ಬೋಲ್ಟ್ ಪೂರ್ತಿ ಹಿಂದಕ್ಕೆಳೆದು, ಅದರ ತಲೆಯನ್ನು ಮೇಲಕ್ಕೆ ತಿರುಗಿಸಿ ಹಳಿಯಿಂದ ಬಿಡಿಸಿದರೆ ಹೊರಬರುತ್ತದೆ. ಬಟ್ಟೆಯಲ್ಲಿ ಎಣ್ಣೆ ಪೂರ್ತಿ ಒರೆಸಿ ಬೆಳಕಿಗೆ ಹಿಡಿಯಿರಿ.

ತಲೆಯ ಮುಖದಲ್ಲಿ, ಫೈರಿಂಗ್ ಪಿನ್ ಹೊರಬರುವ ತೂತಿನ ಸುತ್ತ ನೋಡಿ. ಅಲ್ಲಿ ಸಣ್ಣ ಕುಳಿಗಳ ಉಂಗುರ ಇದ್ದರೆ, ಎಂದೋ ತೋಟಾದ ಪ್ರೈಮರ್ (ಪಿನ್ ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ, ಬುಡದ ಪುಟ್ಟ ಬಿಲ್ಲೆ) ತೂತಾಗಿ ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಉಕ್ಕನ್ನು ಕೊರೆದಿದೆ. ಪಿನ್ನಿನ ಮೊನೆ ನುಣುಪಾಗಿ ದುಂಡಗಿರಬೇಕು. ಚೂಪಾಗಿದ್ದರೆ, ಮುಕ್ಕಾಗಿದ್ದರೆ ಮತ್ತೆ ಪ್ರೈಮರ್ ತೂತಾಗಬಹುದು. ತೋಟಾ ಎಳೆಯುವ ಕೊಕ್ಕೆಯ ಅಂಚು ಮುರಿದಿಲ್ಲವೇ, ಅದರ ಸ್ಪ್ರಿಂಗಿನಲ್ಲಿ ಬಿಗಿ ಇದೆಯೇ ಬೆರಳಲ್ಲಿ ಒತ್ತಿ ನೋಡಿ.

ಈ ಮಾದರಿಯ ಬೋಲ್ಟಿನ ಬೀಗಗಳು ಮುಂದಿಲ್ಲ, ಹಿಂದಿವೆ: ಒಂದು ಬದಿ ಗಿಡ್ಡ ಗಂಟು, ಇನ್ನೊಂದು ಬದಿ ಉದ್ದನೆಯ ಏಣು. ಗುಂಡು ಹಾರುವಾಗ ಇಡೀ ಒತ್ತಡವನ್ನು ತಡೆಯುವುದು ಇವೆರಡು. ಅವುಗಳ ಹಿಂಬದಿಯ ಮುಖಗಳಲ್ಲಿ ಉಜ್ಜಿ ಹೊಳೆಯುವ ಗುರುತು ಎರಡೂ ಕಡೆ ಇರಬೇಕು. ಒಂದೇ ಕಡೆ ಹೊಳಪಿದ್ದು ಇನ್ನೊಂದು ಕಡೆ ಮೂಲ ಬಣ್ಣ ಹಾಗೇ ಉಳಿದಿದ್ದರೆ, ಇಷ್ಟು ವರ್ಷ ಒಂಟಿ ಬೀಗವೇ ಭಾರ ಹೊತ್ತಿದೆ.

ಬೀಗದ ಬುಡದ ಬಿರುಕು ಹುಡುಕಲು ಹಳೆಯ ಉಪಾಯವೊಂದಿದೆ. ಬೋಲ್ಟಿಗೆ ತೆಳು ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಒಣಬಟ್ಟೆಯಲ್ಲಿ ಒಂದು ತೊಟ್ಟೂ ಉಳಿಯದಂತೆ ಒರೆಸಿ, ಬೀಗದ ಬುಡಕ್ಕೆ ಸೀಮೆಸುಣ್ಣ ತಿಕ್ಕಿ ಬಿಳಿ ಮಾಡಿ. ಕಾಲು ಗಂಟೆ ಕಾದು ಭೂತಗನ್ನಡಿಯಲ್ಲಿ ನೋಡಿ. ಬಿರುಕಿದ್ದರೆ ಅದರೊಳಗೆ ಅಡಗಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಕೂದಲಿನಂಥ ಕಪ್ಪು ಗೆರೆ ಎಳೆದಿರುತ್ತದೆ. ಗೆರೆ ಕಂಡ ಬೋಲ್ಟನ್ನು ಯಾವ ಕಾರಣಕ್ಕೂ ಬಳಸಬಾರದು, ಬೆಸುಗೆ ಹಾಕಿಸುವ ಯೋಚನೆಯೂ ಬೇಡ.

ಬೋಲ್ಟಿನ ತಲೆ ತಿರುಪಿನಿಂದ ಕೂತಿರುತ್ತದೆ. ಬೆರಳ ಬಿಗಿಗೆ ತಿರುಗಿಸಿದಾಗ ಅದು ತನ್ನ ಸಾಲಿಗೆ ಬಂದು ನಿಲ್ಲಬೇಕು. ಸಾಲು ದಾಟಿ ಸುಮಾರು 20 ಡಿಗ್ರಿಗಿಂತ ಆಚೆ ತಿರುಗಿದರೆ ತಿರುಪು ಸವೆದಿದೆ. ನಂಬರ್ ಹೊಂದದ ಬೋಲ್ಟ್ ಅಪಾಯ ಎಂದದ್ದು ಇದೇ ಕಾರಣಕ್ಕೆ. ಪ್ರತಿ ಬೋಲ್ಟನ್ನೂ ಆಯಾ ರಿಸೀವರಿಗೆ ಹೊಂದಿಸಿ ಕೂರಿಸಿರುತ್ತಾರೆ. ಬೇರೆಯದನ್ನು ಹಾಕಿದರೆ ಬೋಲ್ಟಿನ ಮುಖಕ್ಕೂ ತೋಟಾದ ಬುಡಕ್ಕೂ ನಡುವಿನ ಸಂದು ಹೆಚ್ಚಾಗಬಹುದು. .315 ಅಂಚುಳ್ಳ ತೋಟಾ, ಅದರ ಬುಡದ ಅಂಚೇ ಅದನ್ನು ಜಾಗದಲ್ಲಿ ಹಿಡಿಯುವುದು. ಸಂದು ಮಿತಿ ಮೀರಿದರೆ ತೋಟಾದ ಹೊರಕವಚವಾದ ಹಿತ್ತಾಳೆಯ ಕೊಪ್ಪೆ ಹಿಗ್ಗಿ, ಬುಡದ ಹತ್ತಿರ ಹರಿದು, ಅನಿಲ ನಿಮ್ಮ ಮುಖದತ್ತ ಬರುತ್ತದೆ. ಈ ಅಳತೆಯನ್ನು ಕಣ್ಣಂದಾಜಿನಲ್ಲಿ, ಕಾಗದ ತುರುಕಿ ನೋಡುವಂಥದ್ದಲ್ಲ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿ ಗೇಜ್ ಹಾಕಿಸಿಯೇ ತಿಳಿಯಬೇಕು. ಬೇರೆಲ್ಲ ಪರೀಕ್ಷೆಗಳನ್ನು ನೀವೇ ಮಾಡಿ, ಇದೊಂದಕ್ಕೆ ಹಣ ಖರ್ಚು ಮಾಡಿ.

ಸ್ಪ್ರಿಂಗ್ ಇರುವ ಒಳಭಾಗದಲ್ಲಿ ಹಳದಿ ಅಂಟು ಕಂಡರೆ ತೆಂಗಿನೆಣ್ಣೆ ಬಿಟ್ಟಿದ್ದಾರೆಂದೇ ತಿಳಿಯಿರಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಡಿಸೆಂಬರಿನ ಮಡಿಕೇರಿಯ ಮುಂಜಾನೆ ಪಿನ್ ಸೋಮಾರಿಯಾಗಿ ಬಡಿದು ತೋಟಾ ಹಾರದಿರುವುದು ಅದರಿಂದಲೇ. ಇದು ಸವೆತವಲ್ಲ, ತೊಳೆದರೆ ಹೋಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ಸಾಕು, ಅದೂ ಒಂದು ಹನಿ.

ನಳಿಗೆಯೊಳಗೆ

ಇಡೀ ಬೆಲೆ ನಿಂತಿರುವುದು ಇಲ್ಲಿ. ಮಾರುವವರು ನಳಿಗೆಯ ತುಂಬ ಎಣ್ಣೆ ಸುರಿದು ತಂದಿದ್ದರೆ ಹಾಗೇ ನೋಡಬೇಡಿ. ಎಣ್ಣೆಯ ಹೊಳಪು ಕುಳಿಗಳನ್ನು ಮುಚ್ಚುತ್ತದೆ. ಬೋಲ್ಟ್ ತೆಗೆದು ಹಿಂಬದಿಯಿಂದ ಒಣಬಟ್ಟೆ ಹಾಯಿಸಿ. ಮೊದಲು ಹೊರಬರುವ ಬಟ್ಟೆಯ ಬಣ್ಣ ನೋಡಿ: ಕಪ್ಪಾದರೆ ಮದ್ದಿನ ಮಸಿ, ಹಸಿರು-ನೀಲಿಯಾದರೆ ಗುಂಡಿನ ತಾಮ್ರ, ಇಟ್ಟಿಗೆ ಬಣ್ಣವಾದರೆ ತುಕ್ಕು. ದ್ರಾವಣ, ಕಂಚಿನ ಬ್ರಷ್, ಮತ್ತೆ ಒಣಬಟ್ಟೆ. ಬಟ್ಟೆ ಬಿಳಿಯಾಗಿ ಬರುವವರೆಗೂ ಬಿಡಬೇಡಿ.

ಈಗ ನಳಿಗೆಯ ಬಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ಟಾರ್ಚನ್ನು ನೇರ ಕಣ್ಣಿಗೆ ಹೊಡೆಯುವಂತೆ ಇಡುವುದಕ್ಕಿಂತ, ಬಾಯಿಯೆದುರು ಬಿಳಿ ಕಾಗದ ಹಿಡಿದು ಅದಕ್ಕೆ ಬೆಳಕು ಬಿಟ್ಟರೆ ಒಳಮೈ ಸಮವಾಗಿ ಕಾಣುತ್ತದೆ. ಸುರುಳಿಯಾಗಿ ಓಡುವ ಏಣುಗಳ ಅಂಚು ಹಿಂದಿನಿಂದ ಮುಂದಿನವರೆಗೂ ಚೂಪಾಗಿ, ಒಂದೇ ಸಮನೆ ಇರಬೇಕು.

ಚೇಂಬರ್ ಮುಗಿದು ಸುರುಳಿ ಶುರುವಾಗುವ ಗಂಟಲನ್ನು ಹೆಚ್ಚು ಹೊತ್ತು ನೋಡಿ. ಹೆಚ್ಚು ಗುಂಡು ಹಾರಿಸಿದ ನಳಿಗೆ ಮೊದಲು ಸವೆಯುವುದು ಅಲ್ಲೇ, ಉರಿಯುವ ಮದ್ದಿನ ಬಾಯಲ್ಲಿ. ಏಣುಗಳು ಅಲ್ಲಿ ಕರಗಿ ಮಾಯವಾಗಿರುತ್ತವೆ, ಉಕ್ಕಿನ ಮೈ ಬೇಸಿಗೆಯಲ್ಲಿ ಬತ್ತಿದ ಕೆರೆಯ ಮಣ್ಣಿನಂತೆ ಬಲೆಬಲೆಯಾಗಿ ಬಿರಿದಿರುತ್ತದೆ. ತೋಟದ ಮನೆಯ ಕೋವಿಯಲ್ಲಿ ಇದು ಕಂಡರೆ ಅದು ಎಲ್ಲೋ ರೇಂಜಿನಲ್ಲಿ ಬಹಳ ದುಡಿದದ್ದು ಎಂದು ಊಹಿಸಬಹುದು.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಕುಳಿ. ಅದರ ಕಾರಣ ತಿಳಿದರೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ. ಹಳೆಯ ಕಾಲದ ತೋಟಾಗಳ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಾಗಿ ನಳಿಗೆಯಲ್ಲಿ ಕೂರುತ್ತದೆ. ಅಡಿಗೆ ಉಪ್ಪಿನ ಜಾತಿಯದೇ ಆದ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಗುಂಡು ಹಾರಿಸಿ ಶ್ರದ್ಧೆಯಿಂದ ಎಣ್ಣೆ ಹಚ್ಚಿಟ್ಟ ಕೋವಿಯೂ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಒಳಗೆ ಕೊರೆದುಹೋಗಿರುವುದು ಇದರಿಂದ. ಹಳಬರು ಕುದಿನೀರು ಹೊಯ್ದು ನಳಿಗೆ ತೊಳೆಯುತ್ತಿದ್ದುದು ಸುಮ್ಮನೆ ಅಲ್ಲ.

ಎಲ್ಲ ಕುಳಿಯೂ ಒಂದೇ ಅಲ್ಲ. ನಳಿಗೆಯ ನಡುವೆ ಚೆದುರಿದ ಸಣ್ಣ ಕುಳಿಗಳಿದ್ದರೂ ಕೋವಿ ಚೆನ್ನಾಗಿ ಗುರಿ ಹೊಡೆಯಬಹುದು, ತಾಮ್ರ ಬೇಗ ಕಟ್ಟಿಕೊಳ್ಳುತ್ತದೆ ಅಷ್ಟೇ. ಬಾಯಿಯ ಕೊನೆಯ ಎರಡು ಬೆರಳಿನಷ್ಟು ಉದ್ದದಲ್ಲಿ ಕುಳಿಯಿದ್ದರೆ ಗುರಿ ಕೆಡುತ್ತದೆ. ಚೇಂಬರಿನೊಳಗೆ ಇದ್ದರೆ ಹಾರಿದ ಕೊಪ್ಪೆ ಕುಳಿಗೆ ಕಚ್ಚಿಕೊಂಡು ಹೊರಬರುವುದಿಲ್ಲ. ಚೇಂಬರ್ ಕೊರೆದ ಕೋವಿಯನ್ನು ನಾನಂತೂ ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳೆನ್ನುವುದಿಲ್ಲ.

ಇನ್ನೊಂದು, ಉಬ್ಬು. ನಳಿಗೆಯಲ್ಲಿ ಮಣ್ಣೋ ಬಟ್ಟೆಯೋ ಕಣಜದ ಗೂಡೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿಸಿದರೆ ಉಕ್ಕು ಅಲ್ಲಿ ಹಿಗ್ಗುತ್ತದೆ. ಒಳಗಿನಿಂದ ನೋಡಿದರೆ ಕಪ್ಪು ಉಂಗುರದ ನೆರಳು ಕಾಣುತ್ತದೆ. ಖಚಿತಪಡಿಸಿಕೊಳ್ಳಲು, ಬಿಗಿಯಾಗಿ ಕೂರುವ ಬಟ್ಟೆಯನ್ನು ಸಲಾಕೆಗೆ ಸಿಕ್ಕಿಸಿ ಒಂದೇ ವೇಗದಲ್ಲಿ ತಳ್ಳಿ. ಉಬ್ಬಿದ್ದಲ್ಲಿ ಕೈಗೆ ತಟ್ಟನೆ ಸಡಿಲ ಸಿಗುತ್ತದೆ, ಮುಂದೆ ಮತ್ತೆ ಬಿಗಿ. ಹೊರಗಿನಿಂದಲೂ ಕಣ್ಣು ಮುಚ್ಚಿ ಬೆರಳುಗಳನ್ನು ನಳಿಗೆಯುದ್ದಕ್ಕೂ ಜಾರಿಸಿ ನೋಡಿ. ಉಬ್ಬಿದ ನಳಿಗೆಯನ್ನು ರಿಪೇರಿ ಮಾಡಲು ಬರುವುದಿಲ್ಲ.

ಕೊನೆಗೆ ಬಾಯಿಯ ಅಂಚು. ಕಬ್ಬಿಣದ ಸಲಾಕೆಯನ್ನು ಮುಂದಿನಿಂದ ತುರುಕಿ ಒರೆಸುವ ರೂಢಿ ನಮ್ಮಲ್ಲಿದೆ, ಒಂಟಿನಳಿಗೆ ತೋಟಾಕೋವಿಯಿಂದ ಬಂದ ರೂಢಿ ಇರಬೇಕು. ರೈಫಲ್‌ಗೆ ಅದು ಮಾರಕ. ಸಲಾಕೆ ಒಂದೇ ಬದಿಗೆ ಉಜ್ಜಿ ಉಜ್ಜಿ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಆ ಬದಿಯ ಏಣುಗಳು ಅಂಚಿನಲ್ಲಿ ಇರುವುದೇ ಇಲ್ಲ. ಗುಂಡು ಹೊರಡುವ ಗಳಿಗೆಯಲ್ಲಿ ಅನಿಲ ಆ ಸವೆದ ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಒಳ್ಳೆಯ ನಳಿಗೆ, ಕೆಟ್ಟ ಬಾಯಿ ಎಂದಾದರೆ ಧೈರ್ಯಗೆಡಬೇಡಿ. ಬಾಯಿಯ ಅಂಚನ್ನು ಮಾತ್ರ ಲೇತ್‌ನಲ್ಲಿ ತೆಳುವಾಗಿ ಹೊಸದಾಗಿ ಕಡೆಯಲು ಬಲ್ಲ ಲೈಸೆನ್ಸ್‌ದಾರ ರಿಪೇರಿಯವರಿಗೆ ಬರುತ್ತದೆ. ಎಷ್ಟು ಕಡೆಯಬಹುದು, ಏನು ಬರೆಸಿಕೊಳ್ಳಬೇಕು ಎಂಬುದನ್ನು ಅವರಿಂದಲೇ ಮೊದಲು ಕೇಳಿ.

ಟ್ರಿಗರ್, ಸೇಫ್ಟಿ

ಕೋವಿ ಖಾಲಿ ಎಂದು ಮತ್ತೆ ನೋಡಿಕೊಳ್ಳಿ. ಚೇಂಬರಿಗೆ ಡಮ್ಮಿ ತೋಟಾ ಹಾಕಿಕೊಂಡರೆ ಪಿನ್ನಿಗೆ ಒಳ್ಳೆಯದು. ಬೋಲ್ಟ್ ಮುಂದಕ್ಕೆ ತಳ್ಳುವಾಗ ಸ್ಪ್ರಿಂಗ್ ಬಿಗಿಯುವುದು ಈ ಮಾದರಿಯ ಸ್ವಭಾವ, ದೋಷವಲ್ಲ. ಟ್ರಿಗರ್ ಎರಡು ಹಂತದಲ್ಲಿ ಬರುತ್ತದೆ: ಮೊದಲು ಹಗುರ ಎಳೆತ, ಆಮೇಲೆ ಸ್ಪಷ್ಟ ತಡೆ, ಅದನ್ನು ದಾಟಿದರೆ ಬಡಿತ. ಎರಡನೆಯ ತಡೆಯೇ ಇಲ್ಲದೆ ಮುಟ್ಟಿದರೆ ಬಿಡುವಷ್ಟು ಹಗುರವಾಗಿದ್ದರೆ ಯಾರೋ ಅರ ಹಾಕಿದ್ದಾರೆ.

ಬೋಲ್ಟನ್ನು ಕೆಲವು ಸಲ ಜೋರಾಗಿ ಮುಚ್ಚಿ. ಬಟ್‌ನ ಹಿಂಬದಿಯನ್ನು ರಬ್ಬರ್ ಚಾಪೆಯ ಮೇಲೆ ಗೇಣುದ್ದದ ಒಳಗಿನ ಎತ್ತರದಿಂದ ಕುಟ್ಟಿ. ಪಿನ್ ಬೀಳಕೂಡದು. ಬಿದ್ದರೆ, ಆ ಕೋವಿ ಹೆಗಲಿನಿಂದ ಜಾರಿದ ದಿನ ತಾನಾಗಿ ಸಿಡಿಯುತ್ತದೆ.

ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು ಬಿಡಿ. ಈಗ ಬೆರಳು ತೆಗೆದು ಸೇಫ್ಟಿ ಬಿಡಿಸಿ. ಬಿಡಿಸುವಾಗ ಪಿನ್ ಬಡಿದರೆ ಸೇಫ್ಟಿ ಸವೆದಿದೆ. ಸೇಫ್ಟಿ ಹಾಕಿದ್ದಾಗ ಬೋಲ್ಟಿನ ಹಿಡಿ ಮೇಲೇಳಲೂಬಾರದು. ಇವುಗಳಲ್ಲಿ ಒಂದು ತಪ್ಪಿದರೂ ರಿಪೇರಿಯಾಗುವವರೆಗೆ ತೋಟಾ ತುಂಬುವ ಮಾತೇ ಇಲ್ಲ.

ಮ್ಯಾಗಜೀನ್‌ಗೆ ಡಮ್ಮಿ ತೋಟಾ ತುಂಬಿ ಒಂದೊಂದಾಗಿ ಒಳಗೆ ಹೋಗುತ್ತದೆಯೇ, ಹೊರಗೆ ಬೀಳುತ್ತದೆಯೇ ನೋಡಿ. ತುಟಿ ಬಾಗಿದ್ದರೆ ಹೊಸದು ಹುಡುಕಬಹುದು. ಮುಂದಿನ ಗುರಿಕಾಳು ಅಲುಗಬಾರದು, ಹಿಂದಿನ ಗುರಿಯ ಎಲೆ ಏರಿಸಿದಲ್ಲಿ ನಿಲ್ಲಬೇಕು. ಇಷ್ಟು ಸಾಕು.

ಗುಂಡು ಹಾರಿಸಿ ನೋಡುವುದು

ಗೇಜ್ ಪರೀಕ್ಷೆ ಮುಗಿದು, ರಿಪೇರಿಯವರು ಸರಿ ಎಂದ ಮೇಲೆ ಮಾತ್ರ, ಅನುಮತಿಯುಳ್ಳ ರೇಂಜಿನಲ್ಲಿ. ಮಾರುವವರು "ಉಳಿದ ತೋಟಾ ಇಟ್ಟುಕೊಳ್ಳಿ" ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ತೋಟಾ ಲೆಕ್ಕ ಲೈಸೆನ್ಸಿನಲ್ಲಿ ಏರಬೇಕಾದದ್ದು, ಅಲ್ಲದೆ ತೇವ ಕುಡಿದ ಹಳೆಯ ತೋಟಾದಿಂದ ಕೋವಿಯ ಗುಣ ತಿಳಿಯುವುದಿಲ್ಲ. ಅಂಗಡಿಯಿಂದ ಹೊಸದು ಕೊಳ್ಳಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ.

ಒಂದೊಂದೇ ತೋಟಾ ಹಾಕಿ ಐದು ಹಾರಿಸಿ. ಗುರಿಹಲಗೆಗಿಂತ ಮೊದಲು ಹಾರಿದ ಕೊಪ್ಪೆಗಳನ್ನು ಸಾಲಾಗಿ ಜೋಡಿಸಿ ನೋಡಿ. ಪ್ರೈಮರ್ ಮೇಲಿನ ಪೆಟ್ಟು ನಡುವಿಗೆ ಬಿದ್ದು, ದುಂಡಗಿದ್ದು, ಸುತ್ತ ಮಸಿ ಇರಬಾರದು. ಪ್ರೈಮರ್ ತನ್ನ ಗೂಡಿನಿಂದ ಹಿಂದಕ್ಕೆ ಎದ್ದಿದ್ದರೆ ಸಂದು ಹೆಚ್ಚಿದೆ. ಬುಡದಿಂದ ಸ್ವಲ್ಪ ಮೇಲೆ ಕೊಪ್ಪೆಯ ಸುತ್ತ ಹೊಳೆಯುವ ತೆಳು ಬಳೆ ಇದೆಯೇ? ಕಾಗದದ ಪಿನ್ನನ್ನು ನೆಟ್ಟಗೆ ಮಾಡಿ, ತುದಿಯನ್ನು ಕೊಂಚ ಬಗ್ಗಿಸಿ, ಕೊಪ್ಪೆಯೊಳಗೆ ಬುಡದಿಂದ ಮೇಲಕ್ಕೆ ಗೀಚುತ್ತ ಬನ್ನಿ. ಆ ಬಳೆಯ ಎತ್ತರದಲ್ಲೇ ತುದಿ ತಗ್ಗಿಗೆ ಸಿಕ್ಕಿದರೆ ಹಿತ್ತಾಳೆ ಒಳಗಿನಿಂದ ತೆಳುವಾಗಿ ಹರಿಯುವ ಹಂತಕ್ಕೆ ಬಂದಿದೆ. ಅಲ್ಲಿಗೆ ನಿಲ್ಲಿಸಿ ಕೋವಿಯನ್ನು ಮತ್ತೆ ರಿಪೇರಿಯವರಿಗೆ ಒಯ್ಯಿರಿ. ಕೊಪ್ಪೆಯ ಮೈಯಲ್ಲಿ ಉದ್ದುದ್ದ ಗೀರುಗಳಿದ್ದರೆ, ಬೋಲ್ಟ್ ತೆರೆಯಲು ಅಂಗೈಯಿಂದ ಗುದ್ದಬೇಕಾದರೆ, ಚೇಂಬರ್ ನೀವು ಕಂಡದ್ದಕ್ಕಿಂತ ಹೆಚ್ಚು ಕೊರೆದಿದೆ.

ಗುರಿಹಲಗೆಯಲ್ಲಿ ಗುಂಡುಗಳು ಒತ್ತಾಗಿ ಬಿದ್ದು ಮಧ್ಯಕ್ಕೆ ಬೀಳದಿದ್ದರೆ ಅದು ಗುರಿ ಹೊಂದಿಸುವ ಕೆಲಸ ಮಾತ್ರ. ಚೆಲ್ಲಾಪಿಲ್ಲಿ ಬಿದ್ದರೆ ಬಾಯಿ, ಸಡಿಲ ಮರ, ಗುರಿಕಾಳು ಈ ಮೂರನ್ನು ಇದೇ ಕ್ರಮದಲ್ಲಿ ಅನುಮಾನಿಸಿ. ಬೇಸಿಗೆಯಲ್ಲಿ ಸರಿಯಿದ್ದ ಕೋವಿ ಮಳೆಗಾಲದಲ್ಲಿ ಗುರಿ ಬದಲಿಸಿದರೆ ಮುಂದಿನ ಮರ ನೀರು ಕುಡಿದು ಉಬ್ಬಿ ನಳಿಗೆಯನ್ನು ಒತ್ತುತ್ತಿದೆ. ಮರದ ಒಳಮೈಗೂ ಬೇಯಿಸಿದ ಅಗಸೆ ಎಣ್ಣೆ ಹಲವು ಪದರ ತಿಕ್ಕಿ ಒಣಗಿಸಿದರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ.

ರೇಂಜಿನಿಂದ ಮನೆಗೆ ಬಂದ ದಿನವೇ ನಳಿಗೆ ತೊಳೆದು, ಒಣಗಿಸಿ, ತೆಳು ಎಣ್ಣೆ ಹಾಯಿಸಿ. ಮೂರನೇ ದಿನ ಮತ್ತೊಂದು ಬಿಳಿ ಬಟ್ಟೆ ಹಾಯಿಸಿ ನೋಡಿ. ಬಟ್ಟೆಗೆ ಇಟ್ಟಿಗೆ ಬಣ್ಣ ಹತ್ತಿದರೆ ಕುಳಿಗಳೊಳಗೆ ಉಪ್ಪೋ ಹಳೆಯ ತುಕ್ಕೋ ಇನ್ನೂ ಉಳಿದಿದೆ. ಬಿಸಿನೀರು, ಒಣಬಟ್ಟೆ, ಎಣ್ಣೆ, ಈ ಸುತ್ತನ್ನು ಬಟ್ಟೆ ಬಿಳಿಯಾಗಿ ಬರುವವರೆಗೆ ಮುಂದುವರಿಸಿ. ಚೀಲವನ್ನು ಪ್ರಯಾಣಕ್ಕಷ್ಟೇ ಇಟ್ಟುಕೊಳ್ಳಿ. ಮನೆಯಲ್ಲಿ ಬೀಗವಿರುವ ಒಣ ಬೀರುವಿನಲ್ಲಿ, ಗೋಡೆಗೆ ತಾಗದಂತೆ, ಬೋಲ್ಟ್ ಬೇರೆ, ತೋಟಾ ಬೇರೆ ಬೀಗದಲ್ಲಿ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಹೊರತೆಗೆದು ನೋಡಿ, ಮುಂದಿನ ಮರದ ಗೆರೆಗುಂಟ ಎಣ್ಣೆಬಟ್ಟೆ ಎಳೆಯಿರಿ.